ಎರಡು ನಕಾಶೆಗಳ ನಡುವೆ ಒಂದು ಭಾವಿ

ನಕಾಶೆ ಎಂಬ ಶಬ್ದ ಕಿವಿಗೆ ಬಿದ್ದರೆ ಈ ವಯಸ್ಸಿನಲ್ಲಿಯೂ ನನ್ನ ಮೈ ಉರಿಯುತ್ತದೆ. ಭೂಗೋಳ ಕಲಿಸಿ ಹೊಟ್ಟೆ ಹೊರೆದ ಮಾಸ್ತರ ಹೀಗೆ ಬರೆಯಬಾರದು, ಒಪ್ಪುತ್ತೇನೆ. ಮೂಡಲಗಿಯ ಸಾಲೆಯಲ್ಲಿ ಬೆತ್ತ ಹಿಡಿದು ಗಂಗೆ ಎಲ್ಲಿ ಹುಟ್ಟುತ್ತಾಳೆ, ಹಿಮಾಲಯದ ಆಚೆ ಯಾರಿದ್ದಾರೆ, ಹಡಗು ಹತ್ತಿದರೆ ವಿಲಾಯತಿಗೆ ಹೋಗುವ ದಾರಿ ಯಾವುದು ಎಂದು ಮಕ್ಕಳಿಗೆ ತೋರಿಸಿದವನು ನಾನು. ಆದರೆ ನನ್ನ ಚಿಗವ್ವನ ಭಾವಿ ಯಾವ ಸರಕಾರದ ನೆಲದಲ್ಲಿದೆ ಎಂದು ಅದೇ ಮಕ್ಕಳಲ್ಲಿ ಯಾರಾದರೂ ಕೇಳಿದ್ದರೆ ಬೆತ್ತ ಕೆಳಗಿಟ್ಟು ಸುಮ್ಮನೆ ಕೂಡಬೇಕಾಗುತ್ತಿತ್ತು. ಆ ಒಂದು ಪ್ರಶ್ನೆಯ ಬೆನ್ನು ಹತ್ತಿ ನನ್ನ ಹರೆಯದ ರಜೆಗಳೆಲ್ಲ ಹಾಳಾದವು, ಒಂದು ಜೋಡು ಒಳ್ಳೆಯ ಚಪ್ಪಲಿಯೂ ಹಾಳಾಯಿತು.

ನಮ್ಮ ಸಾಲೆಯ ಗೋಡೆಗೆ ಮುಂಬಯಿ ಇಲಾಖೆಯ ದೊಡ್ಡ ನಕಾಶೆಯೊಂದು ತೂಗುಬಿದ್ದಿತ್ತು. ಇಂಗ್ಲಿಷರು ನೇರವಾಗಿ ಆಳುವ ನೆಲಕ್ಕೆ ಅದರಲ್ಲಿ ಗುಲಾಬಿ ಬಣ್ಣ. ರಾಜರು ಆಳುವ ಸಂಸ್ಥಾನಗಳಿಗೆ ಹಳದಿ. ನಮ್ಮ ಜನ ಮೊದಲನೆಯದನ್ನು ಖಾಲ್ಸಾ ಎನ್ನುತ್ತಿದ್ದರು. ಗೋಕಾಕ, ಹುಕ್ಕೇರಿ, ಮೂಡಲಗಿ ಎಲ್ಲ ಗುಲಾಬಿ. ಅಲ್ಲಿಂದ ತುಸು ಉತ್ತರಕ್ಕೆ ಹೋದರೆ ಸಾಕು, ಹಳದಿ. ಗುಲಾಬಿಯಲ್ಲಿ ಊರು, ಹಳ್ಳ, ಗುಡ್ಡ, ಗಾಡಿದಾರಿ ಎಲ್ಲವೂ ಇದ್ದವು. ಹಳದಿಯಲ್ಲಿ ಹಳದಿಯ ಹೊರತು ಏನೂ ಇರಲಿಲ್ಲ. ನಮ್ಮ ಕಡೆಯ ಹಳ್ಳಗಳು ಅದರ ಅಂಚಿನವರೆಗೆ ಹರಿದು ಬಂದು ಅಲ್ಲಿಯೇ ಮಾಯವಾಗಿ ಆಚೆಯ ಅಂಚಿನಲ್ಲಿ ಮತ್ತೆ ಎದ್ದು ಹೊರಡುತ್ತಿದ್ದವು. ಒಮ್ಮೆ ಮುಂದಿನ ಸಾಲಿನ ಹುಡುಗಿಯೊಬ್ಬಳು, “ಮಾಸ್ತರ, ಹಳದ್ಯಾಗ ಹೋದ ಕೂಡ್ಲೆ ಹಳ್ಳ ಬತ್ತತಾವೇನ್ರಿ?” ಎಂದು ಕೇಳಿದಳು. ಗದರಿಸಿ ಕೂಡಿಸಿದೆ. ಉತ್ತರ ಗೊತ್ತಿಲ್ಲದಾಗ ಮಾಸ್ತರರು ಮಾಡುವುದು ಅದನ್ನೇ.

ನಮ್ಮೂರು ಹುಕ್ಕೇರಿ ಕಚೇರಿಗೆ ಸೇರಿದ್ದು. ಊರ ಹೊರಗೆ, ಉತ್ತರದ ಏರಿನ ಮೇಲೆ, ನನ್ನ ಕಾಕಾನ ಹೊಲದ ಮನೆ. ಕಾಕಾ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹೊಲ, ಎತ್ತು, ಆಳುಕಾಳು ಎಲ್ಲವನ್ನೂ ನಡೆಸುತ್ತಿದ್ದವಳು ಕಾಕಾನ ಹೆಂಡತಿ, ನನ್ನ ಚಿಗವ್ವ. ನಸುಕಿನಲ್ಲಿ ಎದ್ದು ಲಿಂಗಪೂಜೆ ಮುಗಿಸಿ ಬಾಯಿ ತೆರೆದಳೆಂದರೆ ಕತ್ತಲಾಗುವವರೆಗೆ ಆ ಬಾಯಿಗೆ ಬಿಡುವಿಲ್ಲ. ಆಕೆಗೆ ಒಬ್ಬನೇ ಮಗ. ನನಗಿಂತ ಸಣ್ಣವ. ತಾಯಿ ಇಷ್ಟು ಮಾತಾಡುವಳಾದ್ದರಿಂದಲೋ ಏನೋ, ಅವನಿಗೆ ಮಾತೇ ಇರಲಿಲ್ಲ. ಆ ಮನೆಗೆ ಎಲ್ಲ ಇತ್ತು, ನೀರೊಂದು ಇರಲಿಲ್ಲ. ಏರು ಇಳಿದು ಹಳ್ಳಕ್ಕೆ ಹೋಗಬೇಕು, ತುಂಬಿದ ಕೊಡ ಹೊತ್ತು ಅದೇ ಏರು ಹತ್ತಬೇಕು.

ಮಗನಿಗೆ ಗೋಕಾಕದ ಪೇಟೆಯಲ್ಲಿ ಒಂದು ಹೆಣ್ಣು ಗೊತ್ತಾಯಿತು. ಬೆಲ್ಲದ ವ್ಯಾಪಾರಿಯ ಮಗಳು. ಆ ವ್ಯಾಪಾರಿ ಮನೆತನ ನೋಡಲು ಬಂದ. ಹೊಲ ಮೆಚ್ಚಿದ, ಎತ್ತು ಮೆಚ್ಚಿದ, ಹುಡುಗನನ್ನು ಮೆಚ್ಚಿದ. ಆಮೇಲೆ ಕುಡಿಯಲು ನೀರು ಕೇಳಿದ. ಚಿಗವ್ವ ತಂಬಿಗೆ ತಂದಿಟ್ಟಳು. “ಇದು ಎಲ್ಲಿಂದ ತಂದಿದ್ದು?” ಎಂದು ಕೇಳಿ, ಎದ್ದು ಏರಿನ ತುದಿಗೆ ಹೋಗಿ, ಕೆಳಗಿನ ಹಳ್ಳವನ್ನು ನೋಡಿ ತಿರುಗಿ ಬಂದ.

“ನನ್ನ ಮಗಳು ಹೊಳಿ ದಂಡಿ ಮ್ಯಾಲ ಬೆಳದಾಕಿರಿ ಯವ್ವಾ. ದಿನಾ ಈ ಏರು ಹತ್ತಿ ಇಳದ್ರ ಆಕಿ ನಡಾ ಉಳಿಯೂದಿಲ್ಲ. ಮನಿ ಬಾಜೂಕ ಒಂದ ಭಾವಿ ತಗಸ್ರಿ. ಅದರಾಗ ನೀರು ಬಿದ್ದ ದಿನಾನ ಅಕ್ಷತಿ ಹಾಕೂಣು” ಎಂದ.

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಚಿಗವ್ವನೂ ಆ ಏರು ಹತ್ತಿಯೇ ಮುದುಕಿಯಾದವಳು. ಬರುವ ಸೊಸೆಗೆ ಅದು ಬೇಡವೆಂದು ಆಕೆಗೂ ಇತ್ತು. ಬೇಸಿಗೆಯಲ್ಲಿ ಮನೆಯ ಹಿಂದೆ ಭಾವಿ ತೋಡಲು ಸುರು ಮಾಡಿಸಿದಳು. ಮಣ್ಣು ಮುಗಿಯಿತು, ಗರಸು ಮುಗಿಯಿತು, ಕೆಳಗೆ ಕರಿ ಬಂಡೆ ಹತ್ತಿತು. ಕಲ್ಲು ಒಡೆಯುವವರು ಬಂಡೆಗೆ ತೂತು ಕೊರೆದರು. ತೂತಿನ ಬಾಯಲ್ಲಿ ಹಸಿ ಕಂಡಿತು. “ನೀರು ಇಲ್ಲೇ ಕೆಳಗ ಐತ್ರಿ. ಸುರಂಗ ಹಾರಸ್ಬೇಕು” ಎಂದರು. ಸುರಂಗ ಹಾರಿಸುವುದೆಂದರೆ ತೂತಿನಲ್ಲಿ ಮದ್ದು ತುಂಬಿ ಬಂಡೆ ಸಿಡಿಸುವುದು. ಎಲ್ಲಿ ಯಾರು ಬಾಂಬು ಮಾಡುತ್ತಾರೋ ಎಂದು ಸರಕಾರ ಮದ್ದಿನ ಮೇಲೆ ಕಣ್ಣಿಟ್ಟು ಕೂತಿದ್ದ ಕಾಲ ಅದು. ಯಾವ ಸೀಮೆಯಲ್ಲಿ ಭಾವಿಯೋ ಆ ಸೀಮೆಯ ಕಚೇರಿಯ ಪರವಾನಗಿ ಇಲ್ಲದೆ ಒಂದು ಹಿಡಿ ಮದ್ದೂ ಸಿಗುತ್ತಿರಲಿಲ್ಲ. ಮನೆತನದಲ್ಲಿ ಓದಿದವನು ನಾನೊಬ್ಬ. ಹೀಗಾಗಿ ಹುಕ್ಕೇರಿಗೆ ಹೊರಟವನು ನಾನು.

ಹುಕ್ಕೇರಿ ಕಚೇರಿಯಲ್ಲಿ ನೆಲದ ಅಳತೆ ನೋಡುವ ಮೋಜಣಿ ಕಾರಕೂನ ಒಳ್ಳೆಯ ಮನುಷ್ಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಕೆಟ್ಟವನೊಬ್ಬ ಸಿಕ್ಕಿದ್ದರೆ ಅವನನ್ನಾದರೂ ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದೆ. ಆತ “ಬರ್ರಿ ಮಾಸ್ತರ, ಕುಂದರ್ರಿ” ಎಂದು ಕೂಡಿಸಿ, ಚಹಾ ತರಿಸಿ, ಬಟ್ಟೆಗೆ ಅಂಟಿಸಿದ ನಮ್ಮೂರ ನಕಾಶೆಯನ್ನು ಮೇಜಿನ ಮೇಲೆ ಬಿಚ್ಚಿದ. ಊರು ಕಂಡಿತು, ಹಳ್ಳ ಕಂಡಿತು, ಏರು ಕಂಡಿತು. ಏರಿನ ಅರ್ಧಕ್ಕೆ ಒಂದು ಕೆಂಪು ಗೆರೆ. ಗೆರೆಯ ಆಚೆ ಬರಿ ಕಾಗದ.

“ಇಲ್ಲಿಗೆ ನಮ್ಮದು ಮುಗೀತ್ರಿ. ನಿಮ್ಮ ಮನಿ ಈ ಗೆರಿ ದಾಟಿ ಐತಿ.”

“ಹಂಗಾದ್ರ ವರ್ಷಾ ಹೊಲದ ದಸ್ತ ಯಾರು ಇಸಗೊಳ್ಳಾಕತ್ತಾರ? ನೀವ ಅಲ್ಲೇನ್ರಿ?”

“ದಸ್ತ ಬ್ಯಾರೆ, ನಕಾಶಿ ಬ್ಯಾರೆ. ಸಂಸ್ಥಾನದವರನ್ನ ಕೇಳ್ರಿ ಮಾಸ್ತರ. ಅದು ಅವರದ ಇರಬೇಕು.”

ಕಂದಾಯದ ದುಡ್ಡು ತೆಗೆದುಕೊಳ್ಳುವಾಗ ನೆಲ ನಮ್ಮದು, ಮದ್ದು ಕೊಡುವಾಗ ನೆಲ ಅವರದು! ಸಿಟ್ಟು ನುಂಗಿಕೊಂಡು ಮುಂದಿನ ಶನಿವಾರ ಸಾಲೆ ಬಿಟ್ಟ ಮೇಲೆ ಸಂಸ್ಥಾನದ ಠಾಣೆಗೆ ನಡೆದೆ. ಅಲ್ಲಿಯ ಮೋಜಣಿದಾರ ರುಮಾಲು ಸುತ್ತಿದ ಹಿರಿಯ. ಆತನೂ ಕೂಡಿಸಿದ, ಆತನೂ ಚಹಾ ತರಿಸಿದ, ಆತನೂ ನಕಾಶೆ ಬಿಚ್ಚಿದ. ಅವರ ಗೆರೆ ನಮ್ಮ ಚಿಗವ್ವನ ಮನೆಗಿಂತ ಮೇಲೆ, ಏರಿನ ನೆತ್ತಿಯ ಹುಣಸೆ ಗಿಡದ ಹತ್ತಿರ ನಿಂತಿತ್ತು. ಗೆರೆಯ ಈಚೆ ಬರಿ ಕಾಗದ. “ಅದು ಖಾಲ್ಸಾದವರದಲ್ಲಾ? ನಮಗ ಆ ಕಡೆ ಕೈ ಚಾಚೂ ಹಕ್ಕಿಲ್ಲ ಮಾಸ್ತರ” ಎಂದು ಕೈ ಮುಗಿದ.

ಇದು ಹೇಗಾಯಿತು ಎಂದು ಆ ಹಿರಿಯನೇ ತಿಳಿಸಿದ. ಹಿಂದೆ ಮೋಜಣಿ ನಡೆದಾಗ ಎರಡೂ ಕಡೆಯ ಸಿಬ್ಬಂದಿಗೆ ಒಂದೇ ಹುಕುಂ ಇತ್ತಂತೆ: ಬಾಜೂ ಸರಕಾರದ ನೆಲದಲ್ಲಿ ತಮ್ಮ ಅಳತೆಯ ಸರಪಳಿ ಬೀಳಬಾರದು. ಗಡಿ ಎಲ್ಲಿದೆ ಎಂದು ಯಾರಿಗೂ ನಿಕ್ಕಿ ಗೊತ್ತಿಲ್ಲ. ಖಾಲ್ಸಾದವರು ಯಾಕೆ ಬೇಕು ಉಸಾಬರಿ ಎಂದು ಕೆಳಗೇ ನಿಂತರು. ಸಂಸ್ಥಾನದವರು ದೊಡ್ಡ ಸರಕಾರದ ನೆಲ ತುಳಿದೇವು ಎಂದು ಮೇಲೇ ನಿಂತರು. ಎಲ್ಲ ಕಡೆ ಜನ ನೆಲ ಒತ್ತಿಕೊಳ್ಳಲು ತಲೆ ಒಡೆದುಕೊಳ್ಳುತ್ತಾರೆ. ನಮ್ಮ ಕಡೆ ಮಾತ್ರ ಇಬ್ಬರೂ ಮರ್ಯಾದೆಗೆ ಹಿಂದೆ ಸರಿದು, ನಡುವೆ ನನ್ನ ಚಿಗವ್ವನನ್ನು, ಆಕೆಯ ಮನೆಯನ್ನು, ಎತ್ತುಗಳನ್ನು ಮತ್ತು ಅರ್ಧ ತೋಡಿದ ಭಾವಿಯನ್ನು ಬಿಟ್ಟು ಹೋಗಿದ್ದರು.

“ಸರಿ, ನಿಮ್ಮ ನಕಾಶಿ ಹುಕ್ಕೇರಿಗೆ ಕಳಿಸ್ರಿ, ಅವರ ನಕಾಶಿ ನೀವು ತರಸ್ರಿ, ಎರಡೂ ಕೂಡಿಸಿ ನೋಡಿದ್ರ ಆತು” ಎಂದೆ. ಮಗಳನ್ನು ಓಡಿಸಿಕೊಂಡು ಹೋಗಲು ಬಂದವನನ್ನು ನೋಡುವಂತೆ ಆತ ನನ್ನನ್ನು ನೋಡಿದ. ನಕಾಶೆ ಹೊರಗೆ ಕೊಡುವ ವಸ್ತುವೇ ಅಲ್ಲ. ಹುಕ್ಕೇರಿಯಲ್ಲಿಯೂ ಇದೇ ಮಾತು. ತೆಳು ಕಾಗದ ಇಟ್ಟು ಗೆರೆ ಇಳಿಸಿಕೊಳ್ಳುತ್ತೇನೆಂದರೆ ಅದಕ್ಕೂ ಅಪ್ಪಣೆಯಿಲ್ಲ. ನೋಡಬಹುದು. ಬೇಕಾದಷ್ಟು ಹೊತ್ತು ನೋಡಬಹುದು. ನಾನು ಭೂಗೋಳದ ಮಾಸ್ತರ. ಎರಡೂ ಕಡೆ ಕಣ್ಣು ನೋಯುವಷ್ಟು ನೋಡಿ, ಮನೆಗೆ ಬಂದು ಎರಡನ್ನೂ ಕೂಡಿಸಿ ಒಂದು ದೊಡ್ಡ ಹಾಳೆಯ ಮೇಲೆ ಬರೆದೆ. ನಡುವಿನ ಖಾಲಿ ಪಟ್ಟಿ, ಮನೆ, ಭಾವಿ ಎಲ್ಲ ಅದರಲ್ಲಿ ಎದ್ದು ಕಾಣುತ್ತಿದ್ದವು. ಹುಕ್ಕೇರಿಯ ಕಾರಕೂನ ಅದನ್ನು ನೋಡಿ ಬಹಳ ಸಂತೋಷಪಟ್ಟ. “ಅಗದಿ ಛಲೋ ತಗದೀರಿ. ಆದ್ರ ಇದು ನಕಾಶಿ ಅಲ್ಲರಿ ಮಾಸ್ತರ, ಚಿತ್ರ” ಎಂದ. ಸಂಸ್ಥಾನದ ಹಿರಿಯ ಹಳ್ಳಕ್ಕೆ ಹಾಕಿದ ನೀಲಿ ಬಣ್ಣ ಹೊಗಳಿದ. ಇಬ್ಬರೂ ಹಾಳೆ ಮಡಚಿ ನನ್ನ ಕೈಗೇ ಕೊಟ್ಟರು.

ಇಂಥದೇ ದಿನಗಳಲ್ಲಿ ಸಾಲೆಗೆ ಬರುತ್ತಿದ್ದ ಪತ್ರಿಕೆಯಲ್ಲಿ ಒಂದು ಬರಹ ಓದಿದೆ. ಜಗತ್ತಿನ ದೇಶಗಳು ಕೂಡಿ ಇಡೀ ಭೂಮಿಯ ನಕಾಶೆಯನ್ನು ಒಂದೇ ಅಳತೆಯಲ್ಲಿ, ಒಂದೇ ಬಗೆಯ ಬಣ್ಣ ಗುರುತುಗಳಲ್ಲಿ ಬರೆಯಲು ಒಪ್ಪಿವೆಯಂತೆ. ಒಬ್ಬರ ಹಾಳೆ ಮುಗಿದಲ್ಲಿ ಇನ್ನೊಬ್ಬರ ಹಾಳೆ ಸುರುವಾಗಬೇಕು, ನಡುವೆ ಸಂದಿ ಇರಬಾರದು. ನಿನ್ನೆ ಮೊನ್ನೆ ಒಬ್ಬರ ಮೇಲೊಬ್ಬರು ತೋಪು ಹಾರಿಸಿದ ದೇಶಗಳು! ಓದಿ ನನಗೆ ಕುಣಿಯಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಸಮುದ್ರದಾಚೆಯ ಶತ್ರುಗಳು ನಕಾಶೆ ಹಂಚಿಕೊಳ್ಳುತ್ತಾರೆ. ನಮ್ಮಲ್ಲಿ ಒಂದೇ ಸಂತೆಗೆ ಹೋಗಿ ಒಂದೇ ರಾಶಿಯ ಬದನೆಕಾಯಿ ಆರಿಸುವ ಇಬ್ಬರು ಮೋಜಣಿದಾರರಿಗೆ ಅದು ಆಗದು. ಅದನ್ನು ಚಿಗವ್ವನಿಗೆ ಓದಿ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. “ಜಗತ್ತಿನದು ಮುಗದ ಮ್ಯಾಲ ನಮ್ಮ ಏರಿಗೆ ಬರ್ತಾರೇನು ಕೇಳಿ ಒಂದು ಕಾಗದಾ ಬರಿ, ಮಾಸ್ತರಾ” ಎಂದಳು. ಸಿಟ್ಟು ಬಂದಾಗ ನಾನು ಆಕೆಗೆ ತಮ್ಮಾ ಅಲ್ಲ, ಮಾಸ್ತರ.

ಆಕೆಯ ಸಿಟ್ಟಿಗೆ ಕಾರಣವಿತ್ತು. ಗೋಕಾಕದ ಪೇಟೆಗೆ ಹೋದಾಗಲೆಲ್ಲ ಆಕೆ ಬೆಲ್ಲದ ವ್ಯಾಪಾರಿಯ ಮನೆಗೆ ಹೋಗಿ ಬರುತ್ತಿದ್ದಳು. ಹುಡುಗಿ ಬಾಗಿಲ ಹಿಂದೆ ನಿಂತು ಮಾತು ಕೇಳುತ್ತಿದ್ದಳು. ಹೊರಡುವಾಗ ಕುಂಕುಮ ಹಚ್ಚಲು ಬಂದು ಪ್ರತಿಸಲ ಅದನ್ನೇ ಕೇಳುತ್ತಿದ್ದಳು: “ಭಾವಿ ಎಷ್ಟ ಆಳ ಆತ್ರಿ ಅತ್ತಿ?” ಅಕ್ಷತೆಗೆ ಮೊದಲೇ ಆಕೆಯ ಬಾಯಲ್ಲಿ ಅತ್ತಿ ಎಂದು ಬರುತ್ತಿತ್ತು. ಚಿಗವ್ವ ಮನೆಗೆ ಬಂದು ಅದನ್ನು ಮಗನ ಎದುರು ಹೇಳಿದರೆ ಅವನು ಎದ್ದು ಹೋಗಿ ಆ ಒಣ ಗುಂಡಿಗೆ ಇಳಿದು, ಒಡೆಯದ ಬಂಡೆಗೆ ಸುತ್ತಿಗೆ ಹಾಕುತ್ತಿದ್ದ. ಟಣ್ ಟಣ್ ಎಂಬ ಆ ಸಪ್ಪಳ ನನಗೆ ಊಟ ಸೇರದ ಹಾಗೆ ಮಾಡುತ್ತಿತ್ತು.

ಪ್ರಾಂತ ಸಾಹೇಬರು ಗೋಕಾಕಕ್ಕೆ ಬಂದು ಇಳಿದಿದ್ದಾರೆಂದು ಕೇಳಿ ಅರ್ಜಿ ಹಿಡಿದು ಹೋದೆ. ಅವರು ಹುಕ್ಕೇರಿ ಕಚೇರಿಗಿಂತ ಮೇಲಿನವರು. ಓದಿ ನಕ್ಕರು, ಎರಡೂ ಕಡೆಯವರು ಗಡಿಯ ಮೇಲೆ ಕೂಡಿ ನಕಾಶೆ ಬದಲಿಸಿಕೊಂಡು ಸರಿಮಾಡಲಿ ಎಂದು ಬರೆದರು. ನನ್ನ ಪಾಲಿಗೆ ಅದೇ ದೊಡ್ಡ ಜಯ. ಆದರೆ ಕೂಡುವುದೆಂದು? ಸರಕಾರದ ಕಾಗದ ಇಂಗ್ಲಿಷಿನಲ್ಲಿ ಹೋಗುತ್ತಿತ್ತು, ಸಂಸ್ಥಾನದ ಉತ್ತರ ಮರಾಠಿಯಲ್ಲಿ ಬರುತ್ತಿತ್ತು, ಎರಡೂ ಕಡೆ ಅದನ್ನು ಬಿಡಿಸಿ ಓದುವವನು ಯಾವಾಗಲೂ ರಜೆಯ ಮೇಲೆ. ಹೊಳೆಯ ಈ ದಂಡೆಗೆ ಕೂತು ಆ ದಂಡೆಯವರನ್ನು ಕರೆದಂತೆ ಎರಡೂ ಕಚೇರಿಯವರು ಕೂಗಾಡಿಕೊಂಡರು. ಒಂದು ಮಳೆಗಾಲ ಹೋಯಿತು. ಗುಂಡಿಯಲ್ಲಿ ಮಳೆನೀರು ನಿಂತು ಕಪ್ಪೆ ಕೂಗಿದವು, ಆಮೇಲೆ ಅದೂ ಒಣಗಿತು.

ಕೊನೆಗೆ ದಿನ ಗೊತ್ತಾಯಿತು. ಅವತ್ತು ಬೆಳಿಗ್ಗೆ ಕೆಳಗಿನ ಕಡೆಯಿಂದ ಹುಕ್ಕೇರಿಯ ಕಾರಕೂನ ಮೇಜು, ಕುರ್ಚಿ ಹೊರಿಸಿಕೊಂಡು ಬಂದು ತನ್ನ ಕೆಂಪು ಗೆರೆಯ ಹತ್ತಿರ ಕೂತ. ಮೇಲಿನ ಕಡೆಯಿಂದ ಸಂಸ್ಥಾನದ ಹಿರಿಯ ಬಂದು ಹುಣಸೆ ಗಿಡದ ಬುಡಕ್ಕೆ ಜಮಖಾನೆ ಹಾಸಿ ಕೂತ. ನಡುವೆ ಚಿಗವ್ವನ ಮನೆ. ನೀವು ಹತ್ತಿ ಬರ್ರಿ ಎಂದು ಮೇಲಿನವನು, ನೀವ ಇಳೀರಿ ಎಂದು ಕೆಳಗಿನವನು. ತನ್ನ ಗೆರೆ ದಾಟಿದರೆ ಇನ್ನೊಬ್ಬರ ಸೀಮೆಯಲ್ಲಿ ಕಾಲಿಟ್ಟ ಹಾಗೆ ಎಂದು ಇಬ್ಬರಿಗೂ ಸಂಕೋಚ. ಹೀಗೆ ಕೂಗಾಡುತ್ತಲೇ ಹೊತ್ತು ನೆತ್ತಿಗೆ ಬಂತು.

ಚಿಗವ್ವ ಊಟಕ್ಕೆ ಕರೆದಳು. ಊಟಕ್ಕೆ ಕರೆದರೆ ಸೀಮೆ ಇಲ್ಲ, ಇಬ್ಬರೂ ಬಂದರು! ಆಕೆಯ ತಲೆಯಲ್ಲಿ ಒಂದು ಯುಕ್ತಿಯಿತ್ತು. ಜೋಳದ ರೊಟ್ಟಿ, ಝುಣಕ, ಕಣ್ಣಲ್ಲಿ ನೀರು ಬರುವಂಥ ಕೆಂಪು ಖಾರದ ಚಟ್ನಿ ಬಡಿಸಿದಳು. ನೀರಿನ ತಂಬಿಗೆ ಇಡಲಿಲ್ಲ. ಕಾರಕೂನ ಮುಖ ಕೆಂಪಗೆ ಮಾಡಿಕೊಂಡು ಅತ್ತಿತ್ತ ನೋಡಿದ. “ನೀರೇನ್ರಿ? ಅಕಾ ಹಿತ್ತಲದಾಗ ಭಾವಿ ಐತಿ. ಅದು ಯಾರ ಸೀಮ್ಯಾಗ ಐತಿ ಅಂತ ಇಬ್ಬರೂ ಕೂಡಿ ಹೇಳ್ರಿ, ಅದರಾಗಿಂದ ತಂದಕೊಡ್ತೇನಿ” ಎಂದಳು. ಈಗ ದಾರಿಗೆ ಬರುತ್ತಾರೆಂದು ನಾನು ಒಳಗೊಳಗೇ ಹಿಗ್ಗಿದೆ. ಕಾರಕೂನನ ಸಿಪಾಯಿ ಹೊರಗೆ ಹೋಗಿ ಹುಕ್ಕೇರಿಯಿಂದ ತಂದ ನೀರಿನ ಕೂಜೆ ತಂದ. ಸಂಸ್ಥಾನದ ಹಿರಿಯನ ಆಳು ತಮ್ಮ ಊರಿನ ಕೂಜೆ ತಂದ. ಕಚೇರಿಯವರು ಪರಸ್ಥಳದ ನೀರು ಕುಡಿಯುವುದಿಲ್ಲವಂತೆ. ಇಬ್ಬರೂ ಹೊಟ್ಟೆ ತುಂಬ ಕುಡಿದು, ಚಟ್ನಿ ಬಹಳ ಛಲೋ ಆಗಿದೆ ಎಂದು ಮತ್ತೊಮ್ಮೆ ಹಾಕಿಸಿಕೊಂಡರು. ಚಿಗವ್ವ ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ಕೇಳಲಿಲ್ಲ.

ಊಟದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಅದೇ ಪಡಸಾಲೆಯಲ್ಲಿ ಎರಡು ನಕಾಶೆಗಳನ್ನೂ ಬಿಚ್ಚಿದರು. ಅಂಥ ಪುಣ್ಯದ ಗಳಿಗೆ ನನ್ನ ಕಣ್ಣೆದುರು ಬಂತೆಂದು ರೋಮ ನಿಮಿರಿದವು. ಕಾರಕೂನ, “ನೀವು ಹಿರಿಯರು. ನಿಮ್ಮ ನಕಾಶ್ಯಾಗ ಗೆರಿ ಎಲ್ಲೈತೋ ಅದ ಖರೆ. ನಾವು ನಮ್ಮದನ್ನ ಹಂಗ ತಿದ್ದಕೋತೇವ್ರಿ” ಎಂದ. ಹಿರಿಯ ಎರಡೂ ಕೈ ಎತ್ತಿ, “ಛೇ ಛೇ, ಸರಕಾರದ ನಕಾಶಿ ಮುಂದ ನಮ್ಮದೇನ್ರಿ? ನಿಮ್ಮ ಗೆರಿನ ಖರೆ. ನಾವ ತಿದ್ದಕೋತೇವಿ” ಎಂದ. ನೀವು ಎಂದರೆ ನೀವು. ಮದುವೆಮನೆಯಲ್ಲಿ ಹೋಳಿಗೆ ಬಡಿಸುವಾಗಲೂ ಇಷ್ಟು ಉಪಚಾರ ನಡೆಯುವುದಿಲ್ಲ. ಕೊನೆಗೆ ಇಬ್ಬರೂ ತಮ್ಮ ತಮ್ಮ ನಕಾಶೆಯ ಪ್ರತಿಯನ್ನು ಇನ್ನೊಬ್ಬರಿಗೆ ಕೊಟ್ಟು, ಕೈಮುಗಿದು, ಬೇರೆ ಬೇರೆ ದಿಕ್ಕಿಗೆ ಇಳಿದು ಹೋದರು.

ನಾನು ಎಷ್ಟು ದಡ್ಡನೆಂದರೆ, ಮರುದಿನ ಸಾಲೆಯಲ್ಲಿ ಮಕ್ಕಳಿಗೆ ಅದನ್ನೇ ಪಾಠ ಮಾಡಿದೆ. ಎರಡು ಸರಕಾರಗಳು ನಕಾಶೆ ಹಂಚಿಕೊಂಡರೆ ಗಡಿಯ ಜನಕ್ಕೆ ಎಂಥ ಸುಖ ಎಂದು ಗಂಟಲು ಬಿಚ್ಚಿ ಹೇಳಿದೆ. ಹಳ್ಳ ಬತ್ತುವುದನ್ನು ಕೇಳಿದ ಹುಡುಗಿ ಗೋಡೆಯ ಹಳದಿಯನ್ನೇ ನೋಡುತ್ತಿದ್ದಳು.

ತಿದ್ದುವ ಕೆಲಸ ಎರಡೂ ಕಚೇರಿಯಲ್ಲಿ ಸುರುವಾಯಿತಂತೆ. ಸುರುವಾಯಿತು ಎಂಬ ಉತ್ತರ ನನಗೆ ಎಷ್ಟು ಸಲ ಸಿಕ್ಕಿತೋ! ಕೆಂಪು ಶಾಯಿ ಬೆಳಗಾವಿಯಿಂದ ಬರಬೇಕು ಎಂದರು. ಶಾಯಿ ಬಂತು, ಗೆರೆ ಎಳೆಯುವವನು ಬಂದಿಲ್ಲ ಎಂದರು. ಒಂದು ದಿನ ಗೋಕಾಕದಿಂದ ಬೆಲ್ಲದ ವ್ಯಾಪಾರಿ ಹೇಳಿ ಕಳಿಸಿದ. ಚಿಗವ್ವನ ಕಾಲು ಏಳಲಿಲ್ಲ, ನಾನು ಹೋದೆ. ಇನ್ನು ತುಸು ದಿನ ತಡೆಯಿರಿ, ಈಗ ಎರಡೂ ಕಡೆಯವರು ಒಂದಾಗಿದ್ದಾರೆ ಎಂದು ಕೈಹಿಡಿದು ಕೇಳಿಕೊಂಡೆ.

“ಮಾಸ್ತರ, ನನಗೂ ಮನಸಿಲ್ಲರಿ. ಆದ್ರ ನಿಮ್ಮ ಕಚೇರಿಯವರು ಗೆರಿ ಎಳಿಯೂತನಾ ನನ್ನ ಮಗಳ ತಲ್ಯಾಗ ಬೆಳ್ಳನ ಗೆರಿ ಬೀಳ್ತಾವ. ಆಕಿ ಬೆನ್ನಿಗೆ ಇನ್ನೊಬ್ಬಾಕಿ ಅದಾಳ. ಸಂಸ್ಥಾನದಾಗ ಒಂದ ಮನಿ ಸಿಕ್ಕೈತಿ. ಹಿತ್ತಲದಾಗ ದಂಡಿತನಾ ತುಂಬಿದ ಭಾವಿ ನನ್ನ ಕಣ್ಣಾರೆ ನೋಡಿ ಬಂದೇನಿ” ಎಂದ.

ಆತನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬರಬೇಕಾದವರ ಮೇಲೆ ಬಂತು, ಆದರೆ ಅವರು ಎದುರಿಗಿರಲಿಲ್ಲ. ಹೊರಡುವಾಗ ಬಾಗಿಲ ಹಿಂದಿನ ಬಳೆ ಸಪ್ಪಳ ಕೇಳಿಸಿತು. ಭಾವಿ ಎಷ್ಟು ಆಳ ಆಯಿತೆಂದು ಈ ಸಲ ಯಾರೂ ಕೇಳಲಿಲ್ಲ. ಮದುವೆ ನಡೆದುಹೋಯಿತು. ಹುಡುಗಿಯನ್ನು ಕೊಟ್ಟ ಹಳ್ಳಿ ಯಾವುದು ಗೊತ್ತೇ? ಹುಣಸೆ ಗಿಡದ ಆಚೆ, ಏರಿನ ಆ ಇಳುಕಲಿನಲ್ಲಿ ಇರುವುದು. ಚಿಗವ್ವನ ಹಿತ್ತಲಲ್ಲಿ ನಿಂತರೆ ಆ ಊರಿನ ಒಲೆಯ ಹೊಗೆ ಕಾಣುತ್ತದೆ.

ಇಷ್ಟೆಲ್ಲ ಆದ ಮೇಲೆ ತಿದ್ದಿದ ನಕಾಶೆಗಳು ಹೊರಬಿದ್ದವು. ಹುಕ್ಕೇರಿಯವರು ಕೊಟ್ಟ ಮಾತಿನಂತೆ ತಮ್ಮ ಗೆರೆಯನ್ನು ಅಳಿಸಿ, ಸಂಸ್ಥಾನದ ನಕಾಶೆ ನೋಡಿ, ಮೇಲೆ ಹುಣಸೆ ಗಿಡದ ಹತ್ತಿರ ಎಳೆದಿದ್ದರು. ಸಂಸ್ಥಾನದವರು ಕೊಟ್ಟ ಮಾತಿನಂತೆ ತಮ್ಮ ಗೆರೆಯನ್ನು ಅಳಿಸಿ, ಹುಕ್ಕೇರಿಯ ನಕಾಶೆ ನೋಡಿ, ಕೆಳಗೆ ಏರಿನ ಅರ್ಧಕ್ಕೆ ಎಳೆದಿದ್ದರು. ಮೊದಲು ಯಾರಿಗೂ ಬೇಡವಾಗಿದ್ದ ಚಿಗವ್ವ ಈಗ ಇಬ್ಬರ ಹೊಟ್ಟೆಯೊಳಗೂ ಇದ್ದಳು! ನಾನು ಹುಕ್ಕೇರಿ ಕಚೇರಿಯ ಕಟ್ಟೆಯ ಮೇಲೆ ಕೂತು ಹುಚ್ಚನಂತೆ ನಕ್ಕೆ. ಕಾರಕೂನ ಗಾಬರಿಯಾಗಿ ನೀರು ತರಿಸಿದ.

ಆಮೇಲೆ ನಡೆದದ್ದು ಇನ್ನೂ ತಮಾಷೆ. ಮರ್ಯಾದೆ ಎಲ್ಲ ಹಾರಿಹೋಯಿತು. ಒಮ್ಮೆ ತಮ್ಮ ನಕಾಶೆಯಲ್ಲಿ ಬಂದ ನೆಲವನ್ನು ಬಿಡುವುದು ಹೇಗೆ? ಆ ಪಟ್ಟಿಯಲ್ಲಿ ತಮ್ಮ ಅಧಿಕಾರ ನಡೆಯುತ್ತದೆ ಎಂದು ತೋರಿಸಲು ಇಬ್ಬರಿಗೂ ಒಂದು ಕೆಲಸ ಬೇಕಾಯಿತು. ಇದ್ದ ಕೆಲಸ ಒಂದೇ, ಚಿಗವ್ವನ ಮದ್ದಿನ ಅರ್ಜಿ. ಹುಕ್ಕೇರಿಯ ಸಿಪಾಯಿ ಪರವಾನಗಿ ಹಿಡಿದು ಏರು ಹತ್ತಿ ಬಂದ. ಅದೇ ವಾರ ಸಂಸ್ಥಾನದ ಸಿಪಾಯಿಯೂ ಏರು ಇಳಿದು ಬಂದ. ಅವರ ಪರವಾನಗಿಯಲ್ಲಿ ಒಂದು ಶರತ್ತು ಹೆಚ್ಚಿಗೆ ಇತ್ತು: ನೀರು ಬಿದ್ದರೆ ಸಂಸ್ಥಾನದ ಪ್ರಜೆಗಳಿಗೂ ಸೇದಿಕೊಳ್ಳಲು ಬಿಡಬೇಕು. ಇಷ್ಟು ದಿನ ಒಂದು ಹಿಡಿ ಮದ್ದಿಗೆ ಕಾಲು ಸವೆಸಿದ ನನಗೆ ಈಗ ಎರಡು ಪಾಲು ಮದ್ದು. ನಕಾಶೆ ಕೊಟ್ಟು ತೆಗೆದುಕೊಂಡು ಒಂದಾದಾಗ ಬಾರದ ನೀರು ಜಗಳಕ್ಕೆ ನಿಂತಾಗ ಬಂತೆಂದರೆ ನಾನು ಇನ್ನು ಮಕ್ಕಳಿಗೆ ಏನು ಕಲಿಸಬೇಕು, ಹೇಳಿ.

ಸುರಂಗ ಹಾರಿಸಿದರು. ಬಂಡೆ ಸೀಳಿತು. ಚಿಗವ್ವನ ಮಗ, ನನ್ನ ತಮ್ಮ, ಮೊದಲು ಇಳಿದು ನೋಡಿದ. ಝರಿ ಒಂದಲ್ಲ, ಮೂಲೆ ಮೂಲೆಯಿಂದ ನೀರು ನುಗ್ಗುತ್ತಿತ್ತು. ಬೊಗಸೆ ತುಂಬಿ ಕುಡಿದು, ತಲೆಯ ಮೇಲೂ ಸುರುವಿಕೊಂಡು, ಕೆಳಗೇ ಬಹಳ ಹೊತ್ತು ಕೂತ. ಮೇಲೆ ಬಾ ಎಂದು ಚಿಗವ್ವ ಕರೆದರೂ ಬರಲಿಲ್ಲ. ಎಳನೀರಿನಂಥ ಸಿಹಿ ನೀರು. ಊರ ಜನ ಬಂದು ಹಾಡಿ ಹೊಗಳಿದರು. ಚಿಗವ್ವ ಎಲ್ಲರಿಗೂ ಬೆಲ್ಲ ಹಂಚಿದಳು. ಗೋಕಾಕದ ಪೇಟೆಯದೇ ಬೆಲ್ಲ. ನಾನು ಬಾಯಿಗೆ ಹಾಕಿಕೊಳ್ಳಲಿಲ್ಲ.

ಬೇಸಿಗೆ ಬಂದ ಕೂಡಲೇ ಆಚೆಯ ಹಳ್ಳಿಯ ಹೆಂಗಸರು ಹುಣಸೆ ಗಿಡ ದಾಟಿ ಕೊಡ ಹಿಡಿದು ಬರತೊಡಗಿದರು. ಅವರ ಊರಿನ ಭಾವಿಗಳು ದಂಡೆಯವರೆಗೆ ತುಂಬಿರುತ್ತವೆ, ಆದರೆ ನೀರು ಸವಳು. ಅರಿವೆ ಒಗೆಯಬಹುದು, ದನ ತೊಳೆಯಬಹುದು, ಬಾಯಿಗೆ ಹಾಕಲಾಗದು. ಬೆಲ್ಲದ ವ್ಯಾಪಾರಿ ತುಂಬಿದ ಭಾವಿಯನ್ನು ಕಣ್ಣಾರೆ ನೋಡಿದ್ದ, ಒಂದು ಗುಟುಕು ಕುಡಿದು ನೋಡಿರಲಿಲ್ಲ. ಬೆಲ್ಲವನ್ನು ಮಾತ್ರ ಎಂದೂ ನಾಲಿಗೆಗೆ ಇಡದೆ ಕೊಂಡವನಲ್ಲ ಆತ!

ಒಂದು ಬೆಳಿಗ್ಗೆ ನಾನು ಅಲ್ಲಿಯೇ ಇದ್ದೆ. ನನ್ನ ತಮ್ಮ ಭಾವಿಕಟ್ಟೆಯ ಮೇಲೆ ನಿಂತು ಗಾಲಿಯ ಹಗ್ಗ ಜಗ್ಗಿ ಬಂದವರ ಕೊಡ ತುಂಬಿ ಕೊಡುತ್ತಿದ್ದ. ಹೆಂಗಸರ ಸಾಲಿನ ಕೊನೆಗೆ, ತಲೆಯ ಮೇಲೆ ಸೆರಗು ಮುಂದೆ ಎಳೆದುಕೊಂಡು ಆ ಹುಡುಗಿ ನಿಂತಿದ್ದಳು. ಏರು ಹತ್ತಿ ಬಂದ ದಣಿವಿಗೆ ಉಸಿರು ಬಿಡುತ್ತಿದ್ದಳು. ಯಾವ ಏರು ಬೇಡವೆಂದು ಅವಳ ತಂದೆ ಭಾವಿ ತೆಗೆಸಿರಿ ಎಂದಿದ್ದನೋ ಅದೇ ಏರನ್ನು ಆಕೆ ಈಗ ಆ ಬದಿಯಿಂದ ದಿನಾ ಹತ್ತುತ್ತಿದ್ದಳು. ತಮ್ಮ ಆಕೆಯನ್ನು ನೋಡಿದ. ಹಗ್ಗವನ್ನು ಗೂಟಕ್ಕೆ ಸುತ್ತಿ ಎತ್ತುಗಳ ಕಡೆ ಹೋದ. ಹುಡುಗಿ ಬರಿ ಕೊಡ ಎತ್ತಿಕೊಂಡು ತಿರುಗಿ ಹೊರಟಳು.

ಚಿಗವ್ವ ಒಳಗಿನಿಂದ ಸೆರಗು ಬಿಗಿಯುತ್ತ ಬಂದಳು. ನಾನು ಆಕೆಯ ಬಾಯಿಗೆ ಹೆದರಿ ಎದ್ದು ನಿಂತೆ. ಆಕೆ ಹುಡುಗಿಯ ಕೈಯಿಂದ ಕೊಡ ಇಸಿದುಕೊಂಡು ತಾನೇ ಹಗ್ಗ ಜಗ್ಗಿದಳು.

“ಎಲ್ಲಿಗೆ ಹೊಂಟಿ? ನಿನ್ನ ಸಲುವಾಗೇ ತಗಸಿದ್ದವ್ವಾ ಇದು. ತುಂಬಕೋ” ಎಂದಳು.

ಕೊಡ ತುಂಬಿತು. ಚಿಗವ್ವನೇ ಅದನ್ನು ಎತ್ತಿ ಆಕೆಯ ನಡುವಿಗೆ ಇಟ್ಟಳು. ಹುಡುಗಿ ಬಗ್ಗಲಾರದೆ ಬಗ್ಗಿ ಚಿಗವ್ವನ ಕಾಲು ಮುಟ್ಟಿ, ಹುಣಸೆ ಗಿಡ ದಾಟಿ, ನಮ್ಮ ಸಾಲೆಯ ನಕಾಶೆಯಲ್ಲಿ ಏನೂ ಇಲ್ಲದ ಕಡೆಗೆ ನಡೆದುಹೋದಳು.